ಕುದುರೆಯ ಕುಂಟು ಕಡಿಮೆಯಾಗಿದೆ, ಇನ್ನು ಮೆರವಣಿಗೆಗೆ ಕಳಿಸಬಹುದಾ?

ನೀವು ಬರೆದಿರುವ ಪ್ರಕಾರ, ಹಿರಿಯೂರಿನ ಹತ್ತಿರ ಒಂದು ಮದುವೆ ಮೆರವಣಿಗೆಯಲ್ಲಿ ನಿಮ್ಮ ಹೆಣ್ಣು ಕುದುರೆಯ ಕಾಲು ಗುಂಡಿಗೆ ಬಿದ್ದಿದೆ. ಎಡ ಮುಂಗಾಲಿನ ಮಂಡಿ ಕೆಳಗೆ, ಹಿಂಭಾಗದಲ್ಲಿ ಊತ ಬಂದಿದೆ. ನೋವಿನ ಇಂಜೆಕ್ಷನ್ ಕೊಡಿಸಿದ ಮೇಲೆ ಕುಂಟು ಕಡಿಮೆಯಾಗಿದೆ. ಮುಂದಿನ ವಾರದ ಮದುವೆಗೆ ಕಳಿಸಬಹುದಾ, ಬರೆ ಹಾಕಿಸಿದರೆ ಬೇಗ ವಾಸಿಯಾಗುತ್ತಾ ಅಂತ ಕೇಳಿದ್ದೀರಿ.

ದಯವಿಟ್ಟು ಕಳಿಸಬೇಡಿ. ಬರೆಯಂತೂ ಬೇಡವೇ ಬೇಡ.

ನಾನು ದಾವಣಗೆರೆಯವನು. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಕುದುರೆಗಳಿವೆ. ಆಗ ಜಟಕಾ ಗಾಡಿಗೆ, ಈಗ ಮದುವೆ, ಜಾತ್ರೆಗೆ. ನಾನು ಡಾಕ್ಟರ್ ಅಲ್ಲ. ಆದರೆ ಇದೇ ಜಾಗದಲ್ಲಿ ಪೆಟ್ಟಾದ ಕುದುರೆಯನ್ನು ಡಾಕ್ಟರ್ ಹೇಳಿದಂತೆ ನೋಡಿಕೊಂಡು ಮತ್ತೆ ಕೆಲಸಕ್ಕೆ ತಂದ ಅನುಭವ ಇದೆ. ಅದರಲ್ಲಿ ನನಗೆ ಗಟ್ಟಿಯಾಗಿ ಗೊತ್ತಾದದ್ದು ಒಂದೇ. ಕುಂಟು ನಿಲ್ಲುವುದು ಬೇಗ, ಕಾಲು ವಾಸಿಯಾಗುವುದು ತುಂಬಾ ತಡ. ಈ ಎರಡರ ನಡುವಿನ ತಿಂಗಳುಗಳಲ್ಲೇ ಕುದುರೆ ಪೂರ್ತಿ ಹಾಳಾಗುವುದು.

ಯಾಕೆ ಅಂತ ಹೇಳ್ತೀನಿ. ಕುದುರೆಗೆ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ. ಮೂಳೆ, ಚರ್ಮ, ಹಿಂದೆ ಹಗ್ಗದಂತೆ ಇಳಿದಿರುವ ಟೆಂಡನ್‌ಗಳು, ಅಷ್ಟೇ. ನಮ್ಮ ಕಡೆ 'ನರ ಎಳೆದಿದೆ' ಅನ್ನುವುದು ಇವುಗಳನ್ನೇ. ಮೈ ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲುಗಳ ಮೇಲೆ ಇರುತ್ತದೆ. ಟೆಂಡನ್‌ಗೆ ರಕ್ತ ಹರಿಯುವುದೂ ಕಡಿಮೆ. ಒಳಗೆ ಎಳೆಗಳು ಹರಿದರೆ ಅಲ್ಲಿ ಮೊದಲು ತುಂಬಿಕೊಳ್ಳುವುದು ದುರ್ಬಲವಾದ ಗಾಯದ ಅಂಗಾಂಶ. ಅದು ಗಟ್ಟಿಯಾಗಿ, ಎಳೆಗಳು ಉದ್ದಕ್ಕೆ ಜೋಡಿಸಿಕೊಳ್ಳಲು 9ರಿಂದ 12 ತಿಂಗಳು ಬೇಕು. ನೋವು, ಊತ ಕೆಲವೇ ವಾರಗಳಲ್ಲಿ ಇಳಿಯುತ್ತವೆ. ಆಗ ಕುದುರೆ ಚೆನ್ನಾಗಿ ನಡೆಯುತ್ತದೆ, ನಮಗೂ ವಾಸಿಯಾಯ್ತು ಅನ್ನಿಸುತ್ತದೆ. ಬ್ಯಾಂಡ್ ಸದ್ದಿಗೆ ಡಾಂಬರು ರಸ್ತೆಯಲ್ಲಿ ಕುಣಿಸಿದರೆ ಅದೇ ಜಾಗ ಮತ್ತೆ ಹರಿಯುತ್ತದೆ, ಈ ಸಲ ಇನ್ನೂ ದೊಡ್ಡದಾಗಿ.

ನಿಮ್ಮ ಕುದುರೆಗೆ ಈಗ ಕುಂಟು ಕಡಿಮೆ ಕಾಣುತ್ತಿರುವುದು ಇಂಜೆಕ್ಷನ್ ಕೆಲಸವೂ ಇರಬಹುದು. ಔಷಧಿಯ ಗುಣ ಇಳಿದ ಮೇಲೆ ಗಟ್ಟಿ ನೆಲದ ಮೇಲೆ ನೇರವಾಗಿ ನಡೆಸಿ, ಎದುರಿಗೆ ನಿಂತು ತಲೆ ನೋಡಿ. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೆ ಎತ್ತುತ್ತದೆ. ಸರಿ ಇರುವ ಕಾಲು ಊರಿದಾಗ ತಲೆ ಕೆಳಗಿಳಿಸುತ್ತದೆ. ಓಡಿಸಿ ನೋಡುವ ಕೆಲಸ ಬೇಡ, ಅದು ಡಾಕ್ಟರ್ ಹೇಳಿದರೆ ಮಾತ್ರ.

ಆಮೇಲೆ ಕಾಲನ್ನು ಎತ್ತಿ ಮಡಚಿ ಹಿಡಿದುಕೊಳ್ಳಿ. ಮಂಡಿ ಕೆಳಗಿನಿಂದ ಗೊರಸಿನ ಕಡೆಗೆ ಹೆಬ್ಬೆರಳು, ತೋರುಬೆರಳ ನಡುವೆ ಟೆಂಡನ್ ಹಿಡಿದು ನಿಧಾನಕ್ಕೆ ಇಳಿಯಿರಿ. ಚೆನ್ನಾಗಿದ್ದರೆ ಗಟ್ಟಿಯಾಗಿ, ನುಣುಪಾಗಿ, ಅಂಚು ಸ್ಪಷ್ಟವಾಗಿ ಸಿಗುತ್ತದೆ. ಪೆಟ್ಟಾಗಿದ್ದರೆ ಆ ಜಾಗ ದಪ್ಪ, ಮೆತ್ತಗೆ, ಬಿಸಿ. ಒತ್ತಿದ ತಕ್ಷಣ ಕಾಲು ಎಳೆದುಕೊಳ್ಳುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಬಲಗಾಲನ್ನೂ ಹಾಗೇ ಹಿಡಿದು ನೋಡಿದರೆ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ಗೊರಸನ್ನು ನೋಡದೆ ಬಿಡಬೇಡಿ. ಕುದುರೆ ಕುಂಟಲು ಹೆಚ್ಚಿನ ಸಲ ಕಾರಣ ಇರುವುದು ಅಲ್ಲೇ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆ ಕಲ್ಲು ನೆಲ, ಅದರ ಮೇಲೆ ಬಳ್ಳಾರಿ ಜಾಲಿ ಮುಳ್ಳು. ಗೊರಸಿನ ತಳ ಕೆರೆದು, ತೊಳೆದು, ಬೆಳಕಿನಲ್ಲಿ ನೋಡಿ. ಗೊರಸಿನ ಮೇಲಿನ ಗಂಟಿನ ಹಿಂದೆ, ಎರಡೂ ಪಕ್ಕದಲ್ಲಿ ನಾಡಿ ಇದೆ. ಸಾಮಾನ್ಯವಾಗಿ ಬೆರಳಿಟ್ಟು ಹುಡುಕಬೇಕು, ಅಷ್ಟು ಸಣ್ಣಗಿರುತ್ತದೆ. ಒಳಗೆ ಕೀವು ಕಟ್ಟಿದ್ದರೆ ಜೋರಾಗಿ ಬಡಿಯುತ್ತಿರುತ್ತದೆ, ಗೊರಸೂ ಬಿಸಿ ಇರುತ್ತದೆ. ಕೀವಾದರೆ ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಡಾಕ್ಟರ್ ಸಣ್ಣ ತೂತು ತೆಗೆದು ಆ ಕಪ್ಪು, ನಾರುವ ಕೀವು ಹೊರಗೆ ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಕಾಲು ಊರಲು ಶುರು ಮಾಡುತ್ತದೆ. ತಳದಲ್ಲಿ ಮೊಳೆ ಹೊಕ್ಕಿದ್ದರೆ ಅವಸರದಲ್ಲಿ ಕೀಳಬೇಡಿ. ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗಿದೆ ಅಂತ ಎಕ್ಸ್‌ರೇಯಲ್ಲಿ ಕಂಡರೆ ಚಿಕಿತ್ಸೆ ಸುಲಭ. ಇನ್ನೂ ಒಳಗೆ ನುಗ್ಗುವ ಹಾಗಿದ್ದರೆ ಮಾತ್ರ ಕಿತ್ತು, ಜಾಗ ಗುರುತು ಮಾಡಿ, ಫೋಟೋ ತೆಗೆದಿಡಿ. ಗಾಯ ಯಾವುದೇ ಇರಲಿ, ಧನುರ್ವಾಯು ಲಸಿಕೆ ಕೇಳಿ ಹಾಕಿಸಿ. ಈ ಕಾಯಿಲೆ ಕುದುರೆಗೆ ತಗಲುವಷ್ಟು ಸುಲಭವಾಗಿ ದನಕ್ಕೆ ತಗಲುವುದಿಲ್ಲ.

ಕಾಲು ನೆಲಕ್ಕೆ ಮುಟ್ಟಿಸುವುದೇ ಇಲ್ಲ ಅಂದರೆ, ಅಥವಾ ಕೀಲಿನ ಹತ್ತಿರದ ಗಾಯದಿಂದ ಹಳದಿ ಬಣ್ಣದ ಅಂಟು ನೀರು ಬರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಕೀಲಿನೊಳಗೆ ಸೋಂಕು ಹೊಕ್ಕರೆ ಕುದುರೆ ಕೈತಪ್ಪಿ ಹೋಗುತ್ತದೆ. 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ.

ನಿಮ್ಮದು ಟೆಂಡನ್ ಪೆಟ್ಟೇ ಅಂತ ಇಟ್ಟುಕೊಂಡು ಮುಂದಿನದು ಹೇಳ್ತೀನಿ. ಮೊದಲ ಎರಡು ಮೂರು ದಿನ ತಣ್ಣೀರು ಬಹಳ ಮುಖ್ಯ, ಪ್ರತಿ ಸಲ 15ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ನಿಮಗೆ ಆ ದಿನಗಳು ಕಳೆದಿವೆ, ಆದರೂ ಮುಟ್ಟಿದರೆ ಬಿಸಿ ಇದ್ದರೆ ಮುಂದುವರಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಉಗುರು ಬೆಚ್ಚಗೇ ಬರುತ್ತದೆ ಅಲ್ವಾ, ಅದಕ್ಕೆ ಬಕೆಟ್‌ಗೆ ಐಸ್ ಹಾಕಿಕೊಳ್ಳಿ. ಬ್ಯಾಂಡೇಜ್ ಕಟ್ಟುವಾಗ ಕೆಳಗೆ ದಪ್ಪಗೆ ಹತ್ತಿ ಇರಲಿ, ಒಂದೇ ಬಿಗಿಯಲ್ಲಿ ಸುತ್ತಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದರೆ ಆ ಬಿಗಿಯೇ ಟೆಂಡನ್‌ಗೆ ಹೊಸ ಪೆಟ್ಟು. ಮೊದಲ ಸಲ ಡಾಕ್ಟರ್ ಕೈಯಿಂದಲೇ ಕಟ್ಟಿಸಿ, ನೋಡಿ ಕಲಿಯಿರಿ. ಸರಿ ಇರುವ ಇನ್ನೊಂದು ಕಾಲಿಗೂ ಕಟ್ಟಬೇಕು, ಎಲ್ಲಾ ಭಾರ ಹೊರುತ್ತಿರುವುದು ಅದೇ. ಕಲ್ಲು ಚಪ್ಪಡಿ ಮೇಲೆ ನಿಲ್ಲಿಸಬೇಡಿ. ಮರದ ಪುಡಿಯೋ ಭತ್ತದ ಹೊಟ್ಟೋ ದಪ್ಪಗೆ ಹಾಸಿ.

ನೋವಿನ ಔಷಧಿ ಡಾಕ್ಟರ್ ಹೇಳಿದಷ್ಟೇ. ಫಿನೈಲ್‌ಬ್ಯುಟಾಜೋನ್, ಫ್ಲೂನಿಕ್ಸಿನ್, ಮೆಲಾಕ್ಸಿಕ್ಯಾಮ್ ಎಲ್ಲವೂ ಒಂದೇ ಜಾತಿಯವು. ಒಂದರ ಮೇಲೆ ಇನ್ನೊಂದು ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಮೆಡಿಕಲ್ ಶಾಪ್‌ನಿಂದ ಮನುಷ್ಯರ ಡೈಕ್ಲೋಫೆನಾಕ್ ತಂದು ಚುಚ್ಚಿಸುವುದೂ ಬೇಡ. ಸತ್ತ ಜಾನುವಾರುಗಳ ಮೂಲಕ ರಣಹದ್ದುಗಳು ಸಾಯುತ್ತಿದ್ದುದರಿಂದ ಪ್ರಾಣಿಗಳಿಗೆ ಅದನ್ನು ಬಳಸುವುದನ್ನು 2006ರಲ್ಲೇ ನಿಲ್ಲಿಸಿದ್ದಾರೆ.

ಮೇವಿನ ವಿಷಯ ಜಾಸ್ತಿ ಜನ ಮರೆಯುತ್ತಾರೆ. ಪಾಪ, ನೋವಿನಲ್ಲಿದೆ ಅಂತ ಹುರುಳಿ, ಮೆಕ್ಕೆಜೋಳ ಸುರಿಯುತ್ತಾರೆ. ದಾವಣಗೆರೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ಹಾಗಾಗಿ ಇದು ಕಣ್ಣಾರೆ ನೋಡುವ ಸಂಗತಿ. ನಿಂತಲ್ಲೇ ನಿಂತ ಕುದುರೆಗೆ ಕಾಳು ಹೆಚ್ಚಾದರೆ ಹೊಟ್ಟೆನೋವು ಬರುತ್ತದೆ, ಲ್ಯಾಮಿನೈಟಿಸ್ ಬರುತ್ತದೆ. ಗೊರಸಿನ ಒಳಪದರ ಊದಿ, ಒಳಗಿನ ಮೂಳೆಯ ಹಿಡಿತವೇ ಬಿಟ್ಟುಹೋಗುವ ಕಾಯಿಲೆ ಅದು. ಒಂದು ಕಾಲು ಉಳಿಸಲು ಹೋಗಿ ನಾಲ್ಕೂ ಕಳೆದುಕೊಂಡಂತೆ. ಕಾಳನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ. ಒಣಹುಲ್ಲು ಬಾಯಿಗೆ ಸಿಗುತ್ತಲೇ ಇರಲಿ, ನೀರು ಸದಾ ಮುಂದಿರಲಿ.

ಇನ್ನು ನಡೆಸುವುದು. ಇಲ್ಲಿ ತಾಳ್ಮೆ ಬೇಕು. ಮೊದಲ ಬಿಸಿ, ಊತ ಇಳಿದ ಮೇಲೆ ಡಾಕ್ಟರ್ ಒಪ್ಪಿದರೆ ಹಗ್ಗ ಹಿಡಿದು ಸಮತಟ್ಟು ನೆಲದಲ್ಲಿ ಐದು ನಿಮಿಷ, ದಿನಕ್ಕೆ ಎರಡು ಹೊತ್ತು. ಒಂದೆರಡು ವಾರಕ್ಕೊಮ್ಮೆ ಐದೈದು ನಿಮಿಷ ಏರಿಸಿ. ಪೂರ್ತಿ ಕಟ್ಟಿಹಾಕಿದರೂ ಎಳೆಗಳು ಅಡ್ಡಾದಿಡ್ಡಿ ಬೆಳೆಯುತ್ತವೆ, ಅದಕ್ಕೇ ಈ ನಡಿಗೆ ಬೇಕು. ಸಣ್ಣ ಓಟ ಮೂರು ನಾಲ್ಕು ತಿಂಗಳ ಮೇಲೆ, ಅದೂ ಸ್ಕ್ಯಾನ್ ನೋಡಿ. ಕೂಡಿಟ್ಟ ಕುದುರೆ ಹೊರಗೆ ಬಂದ ತಕ್ಷಣ ನೆಗೆಯುತ್ತದೆ. ಹಗ್ಗ ಮಕ್ಕಳ ಕೈಗೆ ಕೊಡಬೇಡಿ. ಬಯಲಿಗೆ ಬಿಡಲೇಬೇಡಿ. ಪ್ರತಿದಿನ ನಡೆಸುವ ಮುಂಚೆ ಕೈಯಾಡಿಸಿ ನೋಡಿ. ನಿನ್ನೆಗಿಂತ ಬಿಸಿ ಇದ್ದರೆ ಅವತ್ತು ನಡಿಗೆ ಇಲ್ಲ, ಡಾಕ್ಟರಿಗೆ ಫೋನ್. ಆರು ವಾರಕ್ಕೊಮ್ಮೆ ಗೊರಸು ಕೆತ್ತಿಸುವುದನ್ನೂ ತಪ್ಪಿಸಬೇಡಿ. ಗೊರಸಿನ ಮುಂಭಾಗ ಉದ್ದವಾದಷ್ಟೂ ಹಿಂದಿನ ಟೆಂಡನ್ ಮೇಲೆ ಎಳೆತ ಜಾಸ್ತಿ.

ಬರೆ ಹಾಕಿದರೆ ಚರ್ಮ ಸುಡುತ್ತದೆ, ಟೆಂಡನ್ ಕೂಡುವುದಿಲ್ಲ. ಬರೆ ಹಾಕಿದ ಮೇಲೆ ಕುದುರೆಯನ್ನು ತಿಂಗಳುಗಟ್ಟಲೆ ಕಟ್ಟುತ್ತಾರಲ್ಲ, ವಾಸಿಯಾಗುವುದು ಆ ವಿಶ್ರಾಂತಿಯಿಂದ. ಆ ವಿಶ್ರಾಂತಿಯನ್ನು ಸುಡದೆಯೇ ಕೊಡಬಹುದು. ಕುಂಟುವ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಅನ್ನುವುದನ್ನೂ ಬುಕಿಂಗ್ ಮಾಡಿದವರಿಗೆ ಹೇಳಿ, ಬೇರೆ ಕುದುರೆ ಗೊತ್ತು ಮಾಡಿಕೊಡಿ.

ಪೆಟ್ಟಾಗಿ ಒಂದು ವಾರ ದಾಟಿದ ಮೇಲೆ ಅಲ್ಟ್ರಾಸೌಂಡ್ ಮಾಡಿಸಿದರೆ ಹರಿದದ್ದು ಎಷ್ಟು ಅಂತ ಸರಿಯಾಗಿ ಕಾಣುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಹಿರಿಯೂರಿನಿಂದ ಹೈವೇ ಹಿಡಿದರೆ ಬೆಂಗಳೂರಿನ ಹೆಬ್ಬಾಳದಲ್ಲೂ ಇದೆ. ಮೊದಲು ಫೋನ್ ಮಾಡಿ ಕುದುರೆಗೆ ಸ್ಕ್ಯಾನ್ ಯಾವ ದಿನ ಅಂತ ಕೇಳಿಕೊಂಡು ಹೊರಡಿ. ಟೆಂಪೋದಲ್ಲಿ ಮುಖ ಹಿಂದಕ್ಕೆ ಬರುವಂತೆ ನಿಲ್ಲಿಸಿ, ಬ್ರೇಕ್ ಹಾಕಿದಾಗ ಭಾರ ಪೆಟ್ಟಾದ ಮುಂಗಾಲಿಗೆ ಬೀಳುವುದಿಲ್ಲ. ಸ್ಕ್ಯಾನ್‌ನಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ, ನಾನು ನೋಡ್ತಿರ್ತೀನಿ.