ಕೇಳಿಸಿಕೊಂಡ, ಆದರೆ ಕೇಳಲಿಲ್ಲ

ಪ್ರಶ್ನೆ: ‘ವಿಧೇಯತೆ’ಗೆ ಅಚ್ಚಗನ್ನಡದಲ್ಲಿ ಪದವೇ ಇಲ್ಲವೆ? ನಿಘಂಟು ತೆರೆದರೆ ಆಜ್ಞಾಧಾರಕತ್ವ, ಆಜ್ಞಾನುವರ್ತನೆ ಎಂದು ಬರೀ ಸಂಸ್ಕೃತ ಸಿಗುತ್ತದೆ.

ಉತ್ತರ: ನಾಮಪದ ಹುಡುಕಿದರೆ ಹಾಗೇ ಆಗುತ್ತದೆ. ಕನ್ನಡ ಈ ಕೆಲಸವನ್ನು ಕ್ರಿಯಾಪದಕ್ಕೆ ಒಪ್ಪಿಸಿದೆ: ಮಾತು ಕೇಳು. ‘ಹೇಳಿದ ಮಾತು ಕೇಳುವ ಹುಡುಗಿ’ ಎಂದರೆ ಸಾಕು, ‘ವಿಧೇಯತೆಯುಳ್ಳ ಹುಡುಗಿ’ ಬೇಕಿಲ್ಲ.

‘ಕೇಳು’ವಿಗೆ ಮೂರು ಕೆಲಸ. ಯಾವುದು ಎಂಬುದನ್ನು ಅದರ ಹಿಂದಿನ ಪದ ತೀರ್ಮಾನಿಸುತ್ತದೆ. ‘ಅಪ್ಪನನ್ನು ಕೇಳಿದ’ ಎಂದರೆ ಪ್ರಶ್ನೆ ಹಾಕಿದ ಅಥವಾ ಅನುಮತಿ ಬೇಡಿದ. ‘ಹಾಡು ಕೇಳಿದ’ ಎಂದರೆ ಕಿವಿಗೊಟ್ಟ. ‘ಅಪ್ಪನ ಮಾತು ಕೇಳಿದ’ ಎಂದಾಗ ಮಾತ್ರ ಹೇಳಿದಂತೆ ನಡೆದ ಎಂಬ ಅರ್ಥ. ಬರೀ ಕಿವಿಗೆ ಬಿದ್ದದ್ದನ್ನು ಹೇಳಬೇಕಾದರೆ ‘ಕೇಳಿಸಿಕೊ’ ಇದೆ. ಹಾಗಾಗಿಯೇ ‘ಅಪ್ಪ ಹೇಳಿದ್ದನ್ನು ಕೇಳಿಸಿಕೊಂಡ, ಆದರೆ ಕೇಳಲಿಲ್ಲ’ ಎಂಬ ಮಾತಿನಲ್ಲಿ ವಿರೋಧವೇ ಇಲ್ಲ. ಮೊದಲನೆಯದು ಕಿವಿಯ ಕೆಲಸ, ಎರಡನೆಯದು ನಡತೆಯದು. ಕಿವಿಯಿಲ್ಲದ್ದಕ್ಕೂ ಇದು ಸಲ್ಲುತ್ತದೆ: ಬರೆದು ಬರೆದು ಸೋತ ಬೆರಳು ಮಾತು ಕೇಳುವುದಿಲ್ಲ.

ಕೇಳುವುದರಿಂದ ಪಾಲಿಸುವುದಕ್ಕೆ ಹೋಗುವ ಈ ದಾರಿ ಕನ್ನಡದ್ದು ಮಾತ್ರವಲ್ಲ. ಇಂಗ್ಲಿಷಿನ ‘ಒಬೇ’ ಹುಟ್ಟಿದ ಲ್ಯಾಟಿನ್ ಪದದ ಒಳಗೆ ‘ಕೇಳು’ ಎಂಬ ಅರ್ಥದ ಧಾತು ಇದೆ. ಸಂಸ್ಕೃತದ ‘ಶುಶ್ರೂಷೆ’ಯ ಮೂಲ ಅರ್ಥ ‘ಕೇಳುವ ಬಯಕೆ’. ಗುರುವಿನ ಮಾತಿಗೆ ಕಾದು ಕುಳಿತವನ ಶ್ರದ್ಧೆಯಿಂದ ಸೇವೆಗೆ, ಸೇವೆಯಿಂದ ಆರೈಕೆಗೆ ಆ ಪದ ಸರಿಯಿತು. ಇಂದು ನಮಗೆ ಶುಶ್ರೂಷೆ ಎಂದರೆ ಆಸ್ಪತ್ರೆ ನೆನಪಾಗುತ್ತದೆ, ಕಿವಿಯಲ್ಲ.

ಅನುವಾದ ಮಾಡುವವರಿಗೆ ಒಂದು ಮಾತು. ಮಕ್ಕಳ ಕಥೆಯಲ್ಲಿ ‘ಅವನು ತಾಯಿಗೆ ವಿಧೇಯನಾಗಿದ್ದನು’ ಎಂದು ಬರೆದರೆ ವ್ಯಾಕರಣ ಸರಿ, ಉಸಿರು ಇಲ್ಲ. ‘ತಾಯಿಯ ಮಾತು ಮೀರುತ್ತಿರಲಿಲ್ಲ’ ಎನ್ನಿ. ವಿಧೇಯತೆಯನ್ನು ನಿಷೇಧರೂಪದಲ್ಲಿ ಹೇಳುವುದು ಕನ್ನಡಕ್ಕೆ ಇಷ್ಟ: ಮಾತು ಮೀರದವನು, ಹಾಕಿದ ಗೆರೆ ದಾಟದವನು, ಎದುರಾಡದವನು.

ಪ್ರಶ್ನೆ: ‘ವಿಧೇಯ’ಕ್ಕೂ ವಿಧಾನಮಂಡಲದ ‘ವಿಧೇಯಕ’ಕ್ಕೂ ನಂಟಿದೆಯೆ?

ಉತ್ತರ: ಇದೆ, ಒಂದೇ ಮನೆಯವು. ‘ವಿ’ ಉಪಸರ್ಗ, ‘ಧಾ’ ಧಾತು. ಕೂಡಿದರೆ ವಿಧಿಸು, ಗೊತ್ತುಮಾಡು ಎಂಬ ಅರ್ಥ. ವಿಧಿ, ವಿಧಾನ, ವಿಧಾಯಕ ಎಲ್ಲವೂ ಅಲ್ಲಿಂದಲೇ. ವಿಧೇಯ ಎಂದರೆ ‘ವಿಧಿಸಬೇಕಾದದ್ದು’. ಯಾರಿಗೆ ಹೀಗೆ ಮಾಡು ಎಂದು ವಿಧಿಸಬಹುದೋ ಅವನೂ ವಿಧೇಯ. ಕಾನೂನಾಗಿ ವಿಧಿಸಬೇಕೆಂದು ಮಂಡಿಸಿದ್ದು ವಿಧೇಯಕ. ಪತ್ರಿಕೆಗಳು ಅದನ್ನೇ ಮಸೂದೆ ಎನ್ನುತ್ತವೆ. ಎರಡೂ ಸದನ ಒಪ್ಪಿ ರಾಜ್ಯಪಾಲರ ಅಂಕಿತ ಬಿದ್ದ ಮೇಲೆ ಅದು ಅಧಿನಿಯಮ. ವ್ಯಾಕರಣದಲ್ಲೂ ಈ ಪದ ಇದೆ: ‘ಮಗು ಆಡುತ್ತಿದೆ’ ಎಂಬಲ್ಲಿ ‘ಮಗು’ ಉದ್ದೇಶ್ಯ, ‘ಆಡುತ್ತಿದೆ’ ವಿಧೇಯ. ಈ ಕುಟುಂಬ ನೆನಪಿದ್ದರೆ ‘ವಿದೇಯ’ ಎಂದು ಅಲ್ಪಪ್ರಾಣ ಬರೆಯುವ ತಪ್ಪೂ ಆಗುವುದಿಲ್ಲ. ‘ವಿಧಿ’ಯನ್ನು ಯಾರೂ ‘ವಿದಿ’ ಎಂದು ಬರೆಯುವುದಿಲ್ಲವಲ್ಲ.

ಪ್ರಶ್ನೆ: ವಿನಯ, ವಿಧೇಯತೆ ಎರಡೂ ಒಂದೇ ಎಂದು ಬಳಸುತ್ತೇವೆ. ಸರಿಯೆ?

ಉತ್ತರ: ಅಲ್ಲ. ವಿನಯ ಸ್ವಭಾವ, ವಿಧೇಯತೆ ಇನ್ನೊಬ್ಬರ ಮಾತಿನ ಜೊತೆಗಿನ ಸಂಬಂಧ. ‘ಕ್ಷಮಿಸಿ, ಇದು ನನ್ನಿಂದಾಗದು’ ಎಂದು ವಿನಯದಿಂದಲೇ ಮಾತು ಮೀರಬಹುದು. ಗೊಣಗುತ್ತ, ಬಾಗಿಲು ದಢಾರನೆ ಹಾಕಿ ಹೇಳಿದ ಕೆಲಸ ಮಾಡಿ ಮುಗಿಸಿದವನಲ್ಲಿ ವಿಧೇಯತೆ ಇದೆ, ವಿನಯ ಇಲ್ಲ. ಮೂಲದಲ್ಲಿ ವಿನಯವೆಂದರೆ ಶಿಸ್ತು, ತರಬೇತಿ. ಬೌದ್ಧ ಭಿಕ್ಷುಗಳ ನಿಯಮಗಳ ಸಂಗ್ರಹಕ್ಕೆ ವಿನಯಪಿಟಕ ಎಂಬ ಹೆಸರು ಬಂದದ್ದು ಆ ಅರ್ಥದಿಂದ.

ಬಾಗುವ ಕ್ರಿಯಾಪದಗಳಲ್ಲೂ ಎಚ್ಚರ ಬೇಕು. ತಲೆಬಾಗುವುದರಲ್ಲಿ ಗೌರವವಿರಬಹುದು. ಮಣಿಯುವುದರ ಹಿಂದೆ ಸಾಮಾನ್ಯವಾಗಿ ಒತ್ತಡ ಇರುತ್ತದೆ. ಬಗ್ಗುವುದು ಬಲಕ್ಕೆ. ‘ಹಿರಿಯರ ತೀರ್ಪಿಗೆ ತಲೆಬಾಗಿದರು’ ಎಂಬಲ್ಲಿ ‘ಬಗ್ಗಿದರು’ ಎಂದು ಹಾಕಿ ನೋಡಿ, ಹಿರಿಯರು ದೊಣ್ಣೆ ಹಿಡಿದಂತೆ ಕಾಣುತ್ತದೆ. ಇನ್ನು ಕೋಲೆ ಬಸವನಂತೆ ತಲೆಯಾಡಿಸುವುದು, ಕುಣಿಸಿದಂತೆ ಕುಣಿಯುವುದು, ಕೈಗೊಂಬೆಯಾಗುವುದು ಬೈಗುಳದ ಸಾಲಿಗೆ ಸೇರಿದವು. ಹೊಗಳುವಾಗ ಬಳಸಬೇಡಿ.

ಪ್ರಶ್ನೆ: ಅರ್ಜಿಯ ಕೊನೆಗೆ ‘ತಮ್ಮ ವಿಧೇಯ’ ಎಂದೇ ಬರೆಯಬೇಕೆ? ಹೆಣ್ಣುಮಕ್ಕಳು ಏನು ಬರೆಯಬೇಕು?

ಉತ್ತರ: ವಿದ್ಯಾರ್ಥಿ ಮುಖ್ಯೋಪಾಧ್ಯಾಯರಿಗೆ ಬರೆಯುವಾಗ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’, ‘ವಿಧೇಯ ವಿದ್ಯಾರ್ಥಿನಿ’ ಸರಿ. ಇಲ್ಲಿ ‘ವಿಧೇಯ’ ವಿಶೇಷಣ, ಲಿಂಗಕ್ಕೆ ತಕ್ಕಂತೆ ಬದಲಾಗಬೇಕಿಲ್ಲ. ‘ವಿಧೇಯತೆಯ ವಿದ್ಯಾರ್ಥಿ’ ತಪ್ಪು. ಕಚೇರಿಗೆ ನಾಗರಿಕರಾಗಿ ಬರೆಯುವಾಗ ‘ತಮ್ಮ ವಿಶ್ವಾಸಿ’ ಸಾಕು. ಹಕ್ಕು ಕೇಳುವ ಅರ್ಜಿಯಲ್ಲಿ ವಿಧೇಯರಾಗುವ ಅಗತ್ಯ ನಮಗಂತೂ ಕಾಣುವುದಿಲ್ಲ.

ಪ್ರಶ್ನೆ: ಆಜ್ಞೆ, ಅಪ್ಪಣೆ, ಆಣೆ ಮೂರನ್ನೂ ‘ಪಾಲಿಸು’ವಿನ ಜೊತೆ ಬಳಸಬಹುದೆ?

ಉತ್ತರ: ಆಜ್ಞೆ, ಅಪ್ಪಣೆ ಪಾಲಿಸಬಹುದು. ಆದರೆ ‘ಅಪ್ಪಣೆ ಕೊಡಿ, ಹೊರಡುತ್ತೇನೆ’ ಎಂಬಲ್ಲಿ ಅಪ್ಪಣೆ ಎಂದರೆ ಅನುಮತಿ, ಪಾಲಿಸಲು ಅಲ್ಲೇನೂ ಇಲ್ಲ. ‘ಆಣೆ’ ‘ಆಜ್ಞೆ’ಯದೇ ತದ್ಭವ. ಹಳಗನ್ನಡದಲ್ಲಿ ಅಪ್ಪಣೆ ಎಂಬ ಅರ್ಥವೂ ಇತ್ತು, ಈಗ ಪ್ರಮಾಣ ಮಾಡಲಷ್ಟೇ ಉಳಿದಿದೆ: ‘ದೇವರಾಣೆ’. ಹಳೆಯ ಅರ್ಥ ‘ಆಣತಿ’ಯಲ್ಲಿ ಇನ್ನೂ ಇದೆ. ಪಾಲಿಸು ಎಂಬುದಕ್ಕೆ ದ್ವಿತೀಯೆ (ಆಜ್ಞೆಯನ್ನು ಪಾಲಿಸು), ವಿಧೇಯಕ್ಕೆ ಚತುರ್ಥಿ (ಆಜ್ಞೆಗೆ ವಿಧೇಯ). ಇವು ಅದಲುಬದಲಾದಾಗಲೇ ‘ನಿಯಮಗಳಿಗೆ ಪಾಲಿಸಿ’ ಎಂಬ ಫಲಕ ಹುಟ್ಟುವುದು.

ಪ್ರಶ್ನೆ: ಅವಿಧೇಯತೆ, ಅಸಹಕಾರ, ಕಾನೂನುಭಂಗ ಇವುಗಳಲ್ಲಿ ವ್ಯತ್ಯಾಸವೇನು?

ಉತ್ತರ: ಅವಿಧೇಯತೆ ಮಾತು ಮೀರುವ ಗುಣ. ಒಮ್ಮೆ ಮೀರಿದರೆ ಅದು ಆಜ್ಞೋಲ್ಲಂಘನೆ (ಆಜ್ಞಾ, ಉಲ್ಲಂಘನೆ ಸೇರಿ ಗುಣಸಂಧಿ, ‘ಆಜ್ಞಾಉಲ್ಲಂಘನೆ’ ಎಂದು ಬಿಡಿಸಿಡಬೇಡಿ). ಮೀರಿದ್ದಲ್ಲದೆ ಸೊಕ್ಕನ್ನೂ ತೋರಿದರೆ ಉದ್ಧಟತನ. ಅಸಹಕಾರ ಬೇರೆ, ಅಲ್ಲಿ ಕೊಡುತ್ತಿದ್ದ ಬೆಂಬಲವನ್ನು ಹಿಂತೆಗೆಯುವುದು ಮುಖ್ಯ. 1920ರ ಅಸಹಕಾರ ಚಳವಳಿಯಲ್ಲಿ ಬಿರುದು ಮರಳಿಸಿದ, ಕೋರ್ಟು ಬಿಟ್ಟ ವಕೀಲ ಅದರಿಂದ ಯಾವ ಕಾನೂನನ್ನೂ ಮುರಿದಿರಲಿಲ್ಲ. 1930ರಲ್ಲಿ ಉಪ್ಪು ತಯಾರಿಸಿದವರು ಮುರಿದರು, ಅದೂ ಬಹಿರಂಗವಾಗಿ, ಜೈಲಿಗೆ ಸಿದ್ಧರಾಗಿ. ಅದು ಕಾನೂನುಭಂಗ. ಅದಕ್ಕೆ ‘ಸವಿನಯ’ ಎಂದು ಸೇರಿಸುವ ರೂಢಿಯೂ ಇದೆ. ಮಾತು ಮೀರುವವನಲ್ಲೂ ವಿನಯ ಇರಬಹುದು ಎಂದು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.