ಪೆಪ್ಟೈಡ್ ಚಿತ್ರದಲ್ಲಿ ಎಲ್ ಅನ್ನು ಡಿ ಮಾಡಲು ಫ್ಲಿಪ್ ಸಾಕೇ, ವೆಜ್ ಬದಲಿಸಬೇಕೇ?

ಎರಡನ್ನೂ ನಂಬಬೇಡಿ. ಎಲ್, ಡಿ ಅಂದರೆ ಒಂದೇ ಅಮೈನೋ ಆಮ್ಲದ, ಕನ್ನಡಿ ಬಿಂಬದಂತಿರುವ ಎರಡು ರೂಪ. ಅಣುವಿನ ಚಿತ್ರ ಬರೆಯುವ ಸಾಫ್ಟ್‌ವೇರ್ ಕೆಮ್‌ಡ್ರಾದಲ್ಲಿ ಪೆಪ್ಟೈಡ್ (ಅಮೈನೋ ಆಮ್ಲಗಳ ಸರಪಳಿ) ಬರೆಯಲು ಕೂತವರಿಗೆಲ್ಲ ಬರುವ ಅನುಮಾನ ಇದು, ನನಗೂ ಬಂದಿತ್ತು.

ಫ್ಲಿಪ್ ಹಾರಿಜಾಂಟಲ್ ಕೊಟ್ಟರೆ ಕೆಮ್‌ಡ್ರಾ ಅಣುವನ್ನು ಮಗುಚಿ, ವೆಜ್ (ನಮ್ಮ ಕಡೆಗೆ ಚಾಚಿದ ಬಾಂಡ್ ತೋರಿಸುವ ತುಂಬಿದ ತ್ರಿಕೋನ) ಇದ್ದಲ್ಲಿ ಹ್ಯಾಶ್ (ಹಿಂದಕ್ಕೆ ಹೋದ ಬಾಂಡ್ ತೋರಿಸುವ ಗೀಟುಗಳ ತ್ರಿಕೋನ), ಹ್ಯಾಶ್ ಇದ್ದಲ್ಲಿ ವೆಜ್ ಹಾಕುತ್ತದೆ. ಚಿತ್ರ ಬೇರೆ ಕಾಣುತ್ತದೆ, ಅಣು ಅದೇ.

ಒಂದು ವೆಜ್ ಬದಲಿಸುವ ಉಪಾಯ ಅಲನಿನ್, ಲ್ಯೂಸಿನ್‌ಗೆ ನಡೆಯುತ್ತದೆ. ಐಸೊಲ್ಯೂಸಿನ್‌ಗೆ ನಡೆಯುವುದಿಲ್ಲ, ದುಡ್ಡು ಹೋಗುವುದೇ ಇಲ್ಲಿ. ಅದರಲ್ಲಿ ಕೈರಲ್ ಕಾರ್ಬನ್ (ನಾಲ್ಕು ಬೇರೆ ಬೇರೆ ಗುಂಪು ಅಂಟಿದ ಕಾರ್ಬನ್) ಎರಡು. ಆರ್, ಎಸ್ ಅಂದರೆ ಆ ಗುಂಪುಗಳ ಆದ್ಯತೆಯ ಕ್ರಮ ನೋಡಿ ಕೊಡುವ ದಿಕ್ಕಿನ ಗುರುತು, ಮುಂದಿನ ಅಂಕಿ ಕಾರ್ಬನ್ನಿನ ಸಂಖ್ಯೆ. ಎಲ್ ರೂಪ 2ಎಸ್, 3ಎಸ್. ಡಿ ರೂಪ 2ಆರ್, 3ಆರ್. ಆಲ್ಫಾ ಕಾರ್ಬನ್ (ಎರಡನೇ ಕಾರ್ಬನ್) ಒಂದನ್ನೇ ತಿರುಗಿಸಿದರೆ 2ಆರ್, 3ಎಸ್ ಆಗುತ್ತದೆ. ಅದು ಡಿ-ಅಲ್ಲೊ-ಐಸೊಲ್ಯೂಸಿನ್, ಬೇರೆಯೇ ವಸ್ತು. ಫಾರ್ಮುಲಾ ಒಂದೇ, ತೂಕವೂ ಒಂದೇ, ಆದ್ದರಿಂದ ಮಾಸ್ ನೋಡಿದರೂ ತಪ್ಪು ಸಿಗುವುದಿಲ್ಲ. ಆ ಚಿತ್ರವನ್ನೇ ಆರ್ಡರ್ ಜೊತೆ ಕಳಿಸಿದರೆ, ಚಿತ್ರದಲ್ಲಿರುವ ಪೆಪ್ಟೈಡೇ ತಯಾರಾಗಿ ಬರುತ್ತದೆ. ಥ್ರಿಯೋನಿನ್‌ಗೂ ಇದೇ ಪಾಡು: ಎಲ್ 2ಎಸ್, 3ಆರ್, ಡಿ 2ಆರ್, 3ಎಸ್.

ನಾನು ಹೆಸರಿನಿಂದಲೇ ಚಿತ್ರ ತೆಗೆಯುತ್ತೇನೆ. ಉದಾಹರಣೆಗೆ ಡರ್ಮಾರ್ಫಿನ್, ದಕ್ಷಿಣ ಅಮೆರಿಕದ ಮರಗಪ್ಪೆಯ ಚರ್ಮದಲ್ಲಿ ಸಿಕ್ಕ ಪೆಪ್ಟೈಡ್. ಅದರ ಎರಡನೆಯ ಅಮೈನೋ ಆಮ್ಲ ಡಿ-ಅಲನಿನ್. ಆ ಜಾಗದಲ್ಲಿ ಎಲ್ ಕೂರಿಸಿದರೆ ನೋವು ತಗ್ಗಿಸುವ ಗುಣವೇ ಹೆಚ್ಚುಕಡಿಮೆ ಹೋಗುತ್ತದೆ. ಸ್ಟ್ರಕ್ಚರ್ ಮೆನುವಿನ 'ಕನ್ವರ್ಟ್ ನೇಮ್ ಟು ಸ್ಟ್ರಕ್ಚರ್' ತೆರೆದು ಹೀಗೆ ಟೈಪ್ ಮಾಡಿ: ಎಲ್-ಟೈರೋಸಿಲ್-ಡಿ-ಅಲನಿಲ್-ಎಲ್-ಫಿನೈಲಲನಿಲ್-ಗ್ಲೈಸಿಲ್-ಎಲ್-ಟೈರೋಸಿಲ್-ಎಲ್-ಪ್ರೋಲಿಲ್-ಎಲ್-ಸೆರಿನಮೈಡ್ (ಇಂಗ್ಲಿಷ್ ಅಕ್ಷರಗಳಲ್ಲಿ). ಗ್ಲೈಸಿನ್ ಬಿಟ್ಟು ಎಲ್ಲಕ್ಕೂ ಎಲ್ ಅಥವಾ ಡಿ ಇರಲೇಬೇಕು. ಕೊನೆಯ 'ಅಮೈಡ್' ಮರೆತು ಆಮ್ಲ ಬರೆದರೆ ತೂಕ 802.9 ಬದಲು 803.9 ತೋರಿಸುತ್ತದೆ, ಈ ತಪ್ಪನ್ನಾದರೂ ತೂಕ ಹಿಡಿದುಕೊಡುತ್ತದೆ.

ಆಮೇಲೆ 'ಶೋ ಸ್ಟೀರಿಯೊಕೆಮಿಸ್ಟ್ರಿ' ಆನ್ ಮಾಡಿ. ಆರು ಗುರುತು ಕಾಣಬೇಕು, ಅದರಲ್ಲಿ ಡಿ-ಅಲನಿನ್ ಒಂದೇ ಆರ್. ಆದರೆ 'ಎಸ್ ಅಂದರೆ ಎಲ್' ಎಂದು ಬಾಯಿಪಾಠ ಮಾಡಬೇಡಿ. ಸಿಸ್ಟೀನ್‌ನಲ್ಲಿ ಗಂಧಕ ಇರುವುದರಿಂದ ಆದ್ಯತೆಯ ಕ್ರಮ ಬದಲಾಗಿ, ಎಲ್-ಸಿಸ್ಟೀನ್ ಆರ್ ಆಗುತ್ತದೆ. ಅದನ್ನು ತಪ್ಪೆಂದುಕೊಂಡು 'ತಿದ್ದಿದ' ಚಿತ್ರಗಳನ್ನು ನಾನು ನೋಡಿದ್ದೇನೆ.

ಕೈಯಾರೆ ಬರೆಯಲೇಬೇಕಾದರೆ ಎನ್-ಟರ್ಮಿನಸ್ (ಅಮೈನೋ ಗುಂಪಿರುವ ತುದಿ) ಎಡಕ್ಕಿಟ್ಟು ಜಿಗ್‌ಜಾಗ್ ಎಳೆಯಿರಿ. ಎಲ್ ಅಮೈನೋ ಆಮ್ಲದ ಸೈಡ್ ಚೈನ್ (ಆಲ್ಫಾ ಕಾರ್ಬನ್ನಿನಿಂದ ಕವಲೊಡೆಯುವ ಭಾಗ) ಮೇಲಕ್ಕಿದ್ದರೆ ವೆಜ್, ಕೆಳಕ್ಕಿದ್ದರೆ ಹ್ಯಾಶ್, ಡಿಗೆ ತದ್ವಿರುದ್ಧ. ಚೂಪಾದ ತುದಿ ಆಲ್ಫಾ ಕಾರ್ಬನ್ ಮೇಲೆಯೇ ಇರಲಿ. ಐಸೊಲ್ಯೂಸಿನ್‌ನ ಮೂರನೇ ಕಾರ್ಬನ್ನಿಗೆ ಅದರ ಮೀಥೈಲ್ ಬಾಂಡ್ ಮೇಲೆ ಪ್ರತ್ಯೇಕ ವೆಜ್ ಅಥವಾ ಹ್ಯಾಶ್ ಕೊಡಿ. ಎರಡು ಕೈರಲ್ ಕಾರ್ಬನ್‌ಗಳ ನಡುವಿನ ಒಂದೇ ಬಾಂಡ್ ಇಬ್ಬರ ಕೆಲಸ ಮಾಡುವುದಿಲ್ಲ.