ಹನ್ನೆರಡು ಗಂಟು ಯಾಕೆ, ಎರಡು ಸಾಕು

ಪ್ರಿಯ ಗೆಳೆಯರೇ,

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ಫ್ಲೈ ಫಿಶಿಂಗ್ ಗಂಟುಗಳು: ಒಂದು ಸಂಪೂರ್ಣ ಕೈಪಿಡಿ’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲಾಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದ ಪತ್ರ ಬರೆದು ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಕಾರಣ, ಏಳನೇ ಪುಟದಲ್ಲಿ ಒಂದು ಪ್ಯಾರಾದ ಕೊನೆಗೆ ನೀವು ಬರೆದ ಮಾತು: “ಮೀನು ಹೋಯಿತು. ದಾರ ಎಳೆದುಕೊಂಡು ನೋಡಿದರೆ ತುದಿ ಹಂದಿಬಾಲದ ಹಾಗೆ ಸುರುಳಿ ಸುತ್ತಿತ್ತು.” ಅಷ್ಟೇ. ಮುಂದಿನ ಸಾಲಿಗೇ ಒಂಬತ್ತನೇ ಗಂಟು ಶುರು.

ಅಲ್ಲ ಮಾರಾಯ್ರೇ, ಇಡೀ ಲೇಖನ ಇರುವುದೇ ಅಲ್ಲಿ! ಯಾಕೆ ಸುರುಳಿ ಆಯಿತು ಎಂದು ನೀವು ಹೇಳಲೇ ಇಲ್ಲ. ತುದಿ ಹಾಗೆ ಗುಂಗುರಾಗಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ. ಸರಿಯಾಗಿ ಬಿಗಿಯದ ಸುತ್ತುಗಳು ಒಂದೊಂದೇ ಬಿಚ್ಚಿಕೊಳ್ಳುವಾಗ ನೈಲಾನ್ ತನ್ನ ಮೇಲೆ ತಾನೇ ಉಜ್ಜಿಕೊಂಡು ಸುರುಳಿಯಾಗುತ್ತದೆ. ತುದಿ ಚೊಕ್ಕವಾಗಿ ಕತ್ತರಿಸಿದಂತಿದ್ದರೆ ಭಾರಕ್ಕೆ ದಾರವೇ ಹರಿದಿದೆ. ತರಿತರಿಯಾಗಿದ್ದರೆ ಬಂಡೆಗೆ ಉಜ್ಜಿ ಮೊದಲೇ ಗಾಯವಾಗಿತ್ತು. ಮೀನು ತಪ್ಪಿಸಿಕೊಂಡವರೆಲ್ಲ ಮೀನಿನ ಗಾತ್ರದ ಬಗ್ಗೆ ಮಾತಾಡುತ್ತಾರೆ. ನೀವು ದಾರದ ತುದಿ ನೋಡಿದಿರಿ. ಈ ಕಣ್ಣು ಎಲ್ಲರಿಗೂ ಇರುವುದಿಲ್ಲ. ಲೇಖನ ಅಲ್ಲಿಂದಲೇ ಶುರುವಾಗಲಿ.

ಹಾಗೆ ಮಾಡಬೇಕಾದರೆ ಮೊದಲ ಒಂದೂವರೆ ಪುಟ ತೆಗೆಯಬೇಕು. ಮಂಜು, ತುಂಗೆ, ಬಿಸಿ ಕಾಫಿ, ಅಜ್ಜನ ಗಾಳ. ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಗಂಟು ಕಲಿಯಲು ಕೂತವನು ಅಷ್ಟು ಹೊತ್ತು ದಾರ ಹಿಡಿದುಕೊಂಡು ಕಾಯಬೇಕಾ?

ಇನ್ನು ನೀವು ವಿವರಿಸಿದ ಹನ್ನೆರಡು ಗಂಟುಗಳ ವಿಷಯ. ನಮ್ಮ ಓದುಗರನ್ನು ಸ್ವಲ್ಪ ನೆನಪಿಸಿಕೊಳ್ಳಿ. ಹೊಸನಗರದ ಕಡೆಯ ಒಬ್ಬನಿಗೆ ಗಾಳ ಅಂದರೆ ಬಿದಿರು ಕೋಲು, ತಂಗೂಸಿ ದಾರ, ಸೀಸದ ಗುಂಡು, ಎರೆಹುಳ. ಅದಕ್ಕೆ ಒಂದೆರಡು ಗಂಟು ಸಾಕು. ನಿಮ್ಮ ಆಟಕ್ಕೆ ಇಷ್ಟೊಂದು ಯಾಕೆ ಬೇಕು ಎಂಬುದೇ ಅವನ ಮೊದಲ ಪ್ರಶ್ನೆ. ಉತ್ತರ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಹೇಳುವುದು ಕಷ್ಟವೇನಲ್ಲ. ಸೀಸದ ಭಾರಕ್ಕೆ ಮಾಮೂಲಿ ಗಾಳ ದೂರ ಹೋಗಿ ಬೀಳುತ್ತದೆ. ಫ್ಲೈ ಅಂದರೆ ಗರಿ, ರೋಮ, ನೂಲು ಸುತ್ತಿ ಹುಳದಂತೆ ಮಾಡಿದ ಗಾಳ. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ತೂಕವನ್ನು ಲೈನಿಗೇ, ಅಂದರೆ ಎಸೆಯುವ ದಾರಕ್ಕೇ, ಕೊಟ್ಟಿರುತ್ತಾರೆ. ಆ ದಪ್ಪ ಲೈನನ್ನು ಬೀಸಿ ಎಸೆದರೆ ಫ್ಲೈ ಅದರ ಹಿಂದೆ ಹೋಗುತ್ತದೆ. ದಪ್ಪ ಲೈನಿನ ತುದಿಗೇ ಫ್ಲೈ ಕಟ್ಟಿದರೆ ಮೀನು ಹತ್ತಿರ ಬರುವುದಿಲ್ಲ, ಅದಕ್ಕೆ ನಡುವೆ ಲೀಡರ್ ಎಂಬ ತೆಳು ದಾರ. ಲೀಡರ್ ತುದಿಗೆ ಇನ್ನೂ ತೆಳುವಾದ ಟಿಪ್ಪೆಟ್. ಈ ಕಡೆ ಲೈನಿಗೂ ಅದನ್ನು ಸುತ್ತಿಡುವ ರೀಲಿಗೂ ಮಧ್ಯೆ ಬ್ಯಾಕಿಂಗ್ ದಾರ. ಒಟ್ಟು ಐದು ಕಡೆ ಜೋಡಣೆ. ಎಲ್ಲಿ ಜೋಡಣೆಯೋ ಅಲ್ಲಿ ಗಂಟು.

ಇಷ್ಟು ಹೇಳಿದ ಮೇಲೆ ಆರಿಸುವುದು ಸುಲಭ. ರೀಲಿನ ಕಡೆಯ ಮೂರು ಜೋಡಣೆಗಳನ್ನು ಮನೆಯ ಜಗಲಿಯಲ್ಲಿ ಕೂತು, ಚಹಾ ಕುಡಿಯುತ್ತಾ, ಯಾವಾಗಲೋ ಒಮ್ಮೆ ಕಟ್ಟುತ್ತೀರಿ. ರೀಲಿಗೆ ಆರ್ಬರ್ ನಾಟ್ ಎಂಬ ಗಂಟು, ಲೈನಿಗೆ ನೇಲ್ ನಾಟ್. ಈಗಿನ ಎಷ್ಟೋ ಲೈನುಗಳು ತುದಿಯಲ್ಲಿ ಕುಣಿಕೆ ಮಾಡಿಯೇ ಬರುತ್ತವೆ, ಲೀಡರಿನ ಕುಣಿಕೆಯನ್ನು ಅದಕ್ಕೆ ಸಿಕ್ಕಿಸಿದರಾಯಿತು. ಇದಕ್ಕೆಲ್ಲ ಒಂದು ಪ್ಯಾರಾವೇ ಜಾಸ್ತಿ. ಉಳಿದ ಎರಡನ್ನು ಮಾತ್ರ ಹೊಳೆಯಲ್ಲಿ ನಿಂತು, ಒದ್ದೆ ಕೈಯಲ್ಲಿ, ಬೆಳಕು ಕಮ್ಮಿಯಾಗುತ್ತಿರುವಾಗ, ಕಾಲಿಗೆ ಉಂಬಳ ಹತ್ತಿರುವಾಗ ಕಟ್ಟಬೇಕು. ಲೀಡರಿಗೆ ಟಿಪ್ಪೆಟ್, ಟಿಪ್ಪೆಟ್ಟಿಗೆ ಫ್ಲೈ. ಲೇಖನ ಈ ಎರಡರದ್ದಾಗಲಿ.

ಮೊದಲನೆಯದಕ್ಕೆ ನೀವು ಬ್ಲಡ್ ನಾಟ್ ಹೇಳಿ, “ಯಾವುದೇ ಎರಡು ದಾರಗಳನ್ನು ಜೋಡಿಸಬಹುದು” ಎಂದಿದ್ದೀರಿ. ತಪ್ಪು. ಅದು ನೋಡಲು ಚೆಂದ, ಆದರೆ ಎರಡೂ ದಾರ ಹೆಚ್ಚುಕಮ್ಮಿ ಒಂದೇ ದಪ್ಪ ಇದ್ದರೆ ಮಾತ್ರ ನಂಬಬಹುದು. ದಪ್ಪದಲ್ಲಿ ವ್ಯತ್ಯಾಸ ಇದ್ದರೆ ಸರ್ಜನ್ಸ್ ನಾಟ್ ವಾಸಿ. ಎರಡು ದಾರವನ್ನೂ ಒಂದು ಗೇಣಿನಷ್ಟು ಅಕ್ಕಪಕ್ಕ ಇಟ್ಟು, ಜೋಡಿಯಾಗಿಯೇ ಕುಣಿಕೆ ಮಾಡಿ, ಅದರೊಳಗೆ ಎರಡು ಸಲ ದಾಟಿಸಿ, ನಾಲ್ಕೂ ಎಳೆ ಒಟ್ಟಿಗೆ ಎಳೆದರೆ ಮುಗಿಯಿತು. ಟಿಪ್ಪೆಟ್ ಇಡಿಯಾಗಿ ಕುಣಿಕೆಯೊಳಗೆ ಹೋಗಬೇಕು, ಹಾಗಾಗಿ ಅದನ್ನು ಮೊದಲೇ ಸ್ಪೂಲಿನಿಂದ ಕತ್ತರಿಸಿಕೊಂಡಿರಬೇಕು. ಹೊಸಬರು ತಡವರಿಸುವುದು ಇಲ್ಲೇ. ನಿಮ್ಮಲ್ಲಿ ಆ ಮಾತೇ ಇಲ್ಲ.

ಫ್ಲೈ ಕಟ್ಟಲು ಇಂಪ್ರೂವ್ಡ್ ಕ್ಲಿಂಚ್ ಸಾಕು. ನಿಮ್ಮ ಒಲವು ಪಾಲೋಮಾರ್ ಕಡೆಗಿದೆ. ಗಟ್ಟಿ ಗಂಟು, ತಕರಾರಿಲ್ಲ. ಆದರೆ ಅದಕ್ಕೆ ದಾರ ಮಡಚಿ ಗಾಳದ ಕಣ್ಣಿಗೆ ತೂರಿಸಬೇಕು. ಸಣ್ಣ ಫ್ಲೈ ಕಣ್ಣಿಗೆ ಮಡಚಿದ ದಾರ ಹಿಡಿಸುವುದಿಲ್ಲ.

ಆದರೆ ಕ್ಲಿಂಚ್ ಬಗ್ಗೆ ನೀವು ಬರೆದದ್ದು ಇಷ್ಟು: “ಐದು ಸುತ್ತು ಸುತ್ತಿ, ತುದಿಯನ್ನು ಲೂಪಿನೊಳಗೆ ಹಾಕಿ ಎಳೆಯಿರಿ.” ಯಾವ ಲೂಪು? ಅಲ್ಲಿ ಎರಡಿವೆ. ನಿಮ್ಮ ಸಾಲು ಓದಿಕೊಂಡು ಕಟ್ಟಿದವನ ದಾರಕ್ಕೆ ಹಂದಿಬಾಲ ಗ್ಯಾರಂಟಿ. ಸುಮ್ನೆ ದೂರಿದರೆ ಆಗದು, ಹೀಗೆ ಬರೆಯಬಹುದಿತ್ತು:

ತುದಿಯನ್ನು ಗಾಳದ ಕಣ್ಣಿಗೆ ತೂರಿಸಿ ಒಂದು ಗೇಣು ಎಳೆದುಕೊಳ್ಳಿ. ಅದನ್ನು ಮೂಲದಾರದ ಮೇಲೆ 5ರಿಂದ 7 ಸುತ್ತು ಸುತ್ತಿ. ದಾರ ತೆಳುವಾದಷ್ಟೂ ಸುತ್ತು ಹೆಚ್ಚು. ಗಾಳದ ಕಣ್ಣಿಗೂ ಮೊದಲ ಸುತ್ತಿಗೂ ಮಧ್ಯೆ ಒಂದು ಪುಟ್ಟ ಕುಣಿಕೆ ಉಳಿದಿರುತ್ತದೆ. ಅದು ಮುಚ್ಚದಂತೆ ಉಗುರಲ್ಲಿ ಹಿಡಿದಿರಿ. ತುದಿಯನ್ನು ವಾಪಸ್ ತಂದು ಅದರೊಳಗೆ ದಾಟಿಸಿ. ಈಗ ಹೊಸದಾಗಿ ಒಂದು ದೊಡ್ಡ ಕುಣಿಕೆ ಆಯಿತಲ್ಲ, ಅದರೊಳಗೂ ದಾಟಿಸಿ. ಎಂಜಲು ಹಚ್ಚಿ ಮೂಲದಾರವನ್ನು ನಿಧಾನ ಎಳೆಯಿರಿ. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು. ಒಂದರ ಮೇಲೊಂದು ಹತ್ತಿ ಕೂತರೆ ಕತ್ತರಿಸಿ ಬಿಸಾಡಿ, ಮತ್ತೆ ಕಟ್ಟಿ.

ಎಂಜಲು ಯಾಕೆ ಎಂದೂ ಹೇಳಿ. ಒಣ ನೈಲಾನ್ ಬಿಗಿಯುವಾಗ ತಿಕ್ಕಾಟಕ್ಕೆ ಬಿಸಿಯಾಗಿ ದುರ್ಬಲವಾಗುತ್ತದೆ. ಫ್ಲೂರೋಕಾರ್ಬನ್ ದಾರ ಇನ್ನೂ ಬಿರುಸು, ಅಲ್ಲಿ ಇನ್ನೂ ನಿಧಾನ ಬೇಕು. ಕಾರಣ ಗೊತ್ತಾದರೆ ಓದುಗ ಆ ಹೆಜ್ಜೆ ಬಿಡುವುದಿಲ್ಲ.

“ಈ ಗಂಟು ಶೇ. 100 ಗಟ್ಟಿ” ಎಂದು ಮೂರು ಕಡೆ ಬರೆದಿದ್ದೀರಿ. ಯಾರು ಅಳೆದದ್ದು? ಎಲ್ಲಿಂದಲೋ ಎತ್ತಿದ ಅಂಕಿ ನನಗೆ ಬೇಡ. ನೀವೇ ಪರೀಕ್ಷೆ ಮಾಡಬಹುದಲ್ವಾ? ಒಂದು ಮೊಳ ಟಿಪ್ಪೆಟ್ ತೆಗೆದುಕೊಳ್ಳಿ. ಈ ತುದಿಗೆ ಒಂದು ಗಂಟಿನಿಂದ ಒಂದು ಗಾಳ, ಆ ತುದಿಗೆ ಇನ್ನೊಂದು ಗಂಟಿನಿಂದ ಇನ್ನೊಂದು ಗಾಳ ಕಟ್ಟಿ. ಮೊನೆ ಮೊದಲೇ ಕತ್ತರಿಸಿರಿ, ಕಣ್ಣಿಗೆ ಕನ್ನಡಕ ಹಾಕಿರಿ. ಇಕ್ಕಳದಲ್ಲಿ ಹಿಡಿದು ಎಳೆದರೆ ಯಾವುದು ಮೊದಲು ಸೋಲುತ್ತದೆ ಎಂದು ಕಣ್ಣೆದುರೇ ಕಾಣುತ್ತದೆ. ಒಂದು ಸಲಕ್ಕೆ ತೀರ್ಪು ಕೊಡಬೇಡಿ. ಮತ್ತೆ ಮತ್ತೆ ಮಾಡಿ, ಬಂದದ್ದನ್ನು ಹಾಗೇ ಬರೆಯಿರಿ. ಪಾಲೋಮಾರ್ ಗೆದ್ದರೆ ನನ್ನ ಮಾತು ತಳ್ಳಿಹಾಕಿ, ಅಡ್ಡಿಯಿಲ್ಲ.

ನೀವು ಮರೆತದ್ದು ಇನ್ನೊಂದಿದೆ. ಯಾರೂ ಕಟ್ಟದ ಗಂಟು. ಬೀಸುವಾಗ ಲೀಡರ್ ತನ್ನಷ್ಟಕ್ಕೇ ಸಿಕ್ಕು ಬಿದ್ದು ಆಗುವ ಸಣ್ಣ ಗಂಟನ್ನು ವಿಂಡ್ ನಾಟ್ ಅನ್ನುತ್ತಾರೆ. ಹೆಸರಿಗೆ ಗಾಳಿ, ಹೆಚ್ಚಿನ ಸಲ ತಪ್ಪು ಬೀಸುವ ಕೈಯದ್ದು. ಅದೊಂದು ಇದ್ದರೆ ನಿಮ್ಮ ಎರಡೂ ಒಳ್ಳೆಯ ಗಂಟು ದಂಡ, ದಾರ ಅಲ್ಲೇ ಹರಿಯುತ್ತದೆ. ಆಗಾಗ ಲೀಡರನ್ನು ಬೆರಳ ನಡುವೆ ಎಳೆದು ನೋಡಬೇಕು ಎಂಬ ಒಂದು ಸಾಲು ಸೇರಿಸಿ.

ದಾರದ ದಪ್ಪ ಹೇಳುವ ಎಕ್ಸ್ ಅಂಕಿಯಲ್ಲಿ ಒಂದು ತಿದ್ದುಪಡಿ: 5ಎಕ್ಸ್ ಟಿಪ್ಪೆಟ್ 4ಎಕ್ಸ್‌ಗಿಂತ ದಪ್ಪ ಅಲ್ಲ, ತೆಳು. 0ಎಕ್ಸ್ ಅಂದರೆ 0.011 ಇಂಚು. ಎಕ್ಸ್ ಒಂದು ಏರಿದ ಹಾಗೆ 0.001 ಇಂಚು ಇಳಿಯುತ್ತದೆ. 5ಎಕ್ಸ್ 0.006 ಇಂಚು, ಅಂದರೆ ಸುಮಾರು 0.15 ಮಿಲಿಮೀಟರ್.

ಊರಿನ ವಿಷಯದಲ್ಲಿ ನಾನು ಸ್ವಲ್ಪ ಗಡುಸು. ತುಂಗೆಯಲ್ಲಿ ಟ್ರೌಟ್ ಇಲ್ಲ. ಅದು ತಣ್ಣೀರಿನ ಮೀನು. ದಕ್ಷಿಣದಲ್ಲಿ ನೀಲಗಿರಿ, ಮುನ್ನಾರ್‌ನಂಥ ಎತ್ತರದ ಕಡೆ ಹೊರಗಿನಿಂದ ತಂದು ಬಿಟ್ಟದ್ದಿದೆ. ಎಲ್ಲೋ ಓದಿದ ಟ್ರೌಟನ್ನು ತಂದು ನಮ್ಮ ಹೊಳೆಗೆ ಬಿಡಬೇಡಿ. ನಿಮ್ಮ ದಾರ ಬಿಚ್ಚಿಕೊಂಡು ಹೋದದ್ದು ಯಾವ ಮೀನೆಂದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಹಾಗೆಯೇ ಆಗಸ್ಟಿನಲ್ಲಿ ಮಂಡಗದ್ದೆ ಹತ್ತಿರ “ಸ್ಫಟಿಕದಂಥ ನೀರು” ಎಂದಿದ್ದೀರಿ. ಆ ತಿಂಗಳು ತುಂಗೆ ಕೆಂಪಗೆ ದಡ ತುಂಬಿ ಹರಿಯುತ್ತಾಳೆ, ಫ್ಲೈ ಹಾಕಿದರೆ ಮೀನಿಗೆ ಕಾಣುವುದೂ ಇಲ್ಲ. ಅಲ್ಲದೆ ಮಂಡಗದ್ದೆ ಪಕ್ಷಿಧಾಮ. ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿರುವ ಕಾಲ. ಅಲ್ಲಿ ಗಾಳ ಬೀಸಿದ ಕತೆ ನಮ್ಮಲ್ಲಿ ಅಚ್ಚಾಗುವುದಿಲ್ಲ. ಚಿಪ್ಪಲಗುಡ್ಡೆ ಮತ್ಸ್ಯಧಾಮಕ್ಕೂ, ಶೃಂಗೇರಿ ಮಠದ ಮೆಟ್ಟಿಲ ಬಳಿಯ ಮೀನುಗಳಿಗೂ ಇದೇ ಮಾತು. ಕತ್ತರಿಸಿದ ದಾರದ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಬರಬೇಕು, ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಚ್ಚುವವರಿಲ್ಲ ಎಂಬುದನ್ನೂ ಎಲ್ಲಾದರೂ ಸೇರಿಸಿ.

ಫೋಟೋಗಳು ಪ್ರಯೋಜನವಿಲ್ಲ. ಬಣ್ಣವಿಲ್ಲದ ನೈಲಾನನ್ನು ಅಂಗೈ ಮೇಲಿಟ್ಟು ತೆಗೆದಿದ್ದೀರಿ. ಕೈರೇಖೆ ಚೆನ್ನಾಗಿ ಬಂದಿದೆ, ಭವಿಷ್ಯ ಹೇಳಬಹುದು. ದಪ್ಪ ಹಗ್ಗ ತೆಗೆದುಕೊಳ್ಳಿ. ಸರ್ಜನ್ಸ್ ನಾಟಿಗೆ ಎರಡು ಬಣ್ಣದ್ದು ಬೇಕು. ಗಾಳದ ಬದಲು ಗೋಡೆಗೆ ಹೊಡೆದ ಕೊಕ್ಕೆ ಸಾಕು. ಪ್ರತಿ ಹೆಜ್ಜೆಗೂ ಒಂದು ಚಿತ್ರ.

ಹೊಸ ಕರಡು ಸಿದ್ಧವಾದಾಗ ನನಗೆ ಕಳಿಸುವ ಮುಂಚೆ ಮನೆಯಲ್ಲಿ ಗಾಳ ಮುಟ್ಟದ ಯಾರಿಗಾದರೂ ಕೊಡಿ, ಜೊತೆಗೆ ಒಂದು ಮಾರು ಹಗ್ಗ. ನೀವು ಪಕ್ಕದ ಕೋಣೆಯಲ್ಲಿರಿ, ಕರೆದರೂ ಹೋಗಬೇಡಿ. ಅವರು ಎಲ್ಲಿ ನಿಂತರೋ ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಲಿ. ಆ ಸಾಲುಗಳನ್ನಷ್ಟೇ ಮತ್ತೆ ಬರೆಯಿರಿ. ದಸರಾ ಒಳಗೆ ಕೈಗೆ ಸಿಕ್ಕಿದರೆ ದೀಪಾವಳಿ ಕಳೆದು ಹೊಳೆ ತಿಳಿಯಾಗುವ ಹೊತ್ತಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಬಿಟ್ಟಿರುತ್ತೇನೆ.

ಇಂತಿ,
ಸಂಪಾದಕ